ಬಿಗಿದವನೇ ಮೊದಲು ಕೂರಬೇಕು

ಹಿತ್ತಲಿನಲ್ಲಿ ಗರಗಸದ ಸದ್ದು ಕೇಳಿದ್ದೇ ಜಯರಾಮಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು.

"ಏನ್ಲಾ ಕುಯ್ತಿದ್ದೀಯ?" ಎಂದು ಒಳಗಿನಿಂದಲೇ ಕೂಗಿದ.

"ತುಕ್ಕಿಡಿದ ಬೋಲ್ಟು ಸಾಮಿ. ಬಿಚ್ಚೋಕೆ ಬತ್ತಿಲ್ಲ," ಎಂದ ಕುಪ್ಪುಸ್ವಾಮಿ.

ಉತ್ತರ ಸರಿಯಾಗಿಯೇ ಇತ್ತು. ಆದರೂ ಜಯರಾಮಪ್ಪ ಆ ಸದ್ದಿಗೆ ಕಿವಿಗೊಟ್ಟೇ ಉಂಡ.

ಮರುದಿನ ಭಾನುವಾರ, ಚಿನ್ನದ ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಕೆಳಗಿನ ನೇರ ರಸ್ತೆಯಲ್ಲಿ ಕಾಲು ಮೈಲಿಯ ಕಾರು ಓಟ. ಎರಡು ಕಾರು ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದವು. ಕರವಸ್ತ್ರ ಕೆಳಗೆ ಬಿದ್ದೊಡನೆ ನುಗ್ಗಬೇಕು. ಬಂಗಾರಪೇಟೆಯ ಮಂಡಿ ಯಜಮಾನ ಎರಡು ವರ್ಷ ಸತತ ಗೆದ್ದು, ಗಣಿಯ ಫೋರ್‌ಮನ್ ಜಯರಾಮಪ್ಪನನ್ನು ಊರೆಲ್ಲ ಆಡಿಕೊಳ್ಳುವಂತೆ ಮಾಡಿದ್ದ. ಸೀಮೆಗೆ ಹೊರಟ ಬಿಳಿ ದೊರೆಯೊಬ್ಬನಿಂದ ಜಯರಾಮಪ್ಪ ಕೊಂಡ ಪುಟ್ಟ ಮಾರಿಸ್ ಕಾರು ನುಗ್ಗುವಾಗ ಹಿಂಬದಿ ಕುಣಿಯುತ್ತಿತ್ತು. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ತೆಗೆದು ಗಟ್ಟಿಯವನ್ನು ಹಾಕಬೇಕಿತ್ತು. ಆಂಡರ್ಸನ್‌ಪೇಟೆಯಲ್ಲಿ ಆ ಕೆಲಸಕ್ಕೆ ಕುಪ್ಪುಸ್ವಾಮಿಯನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಅವನು ಗಣಿಯಲ್ಲಿ ಸತ್ತ ವೆಂಕಟಸ್ವಾಮಿಯ ಅಣ್ಣ ಎನ್ನುವುದೊಂದೇ ತೊಡಕು.

ಗಣಿಯಲ್ಲೊಂದು ಕಟ್ಟಳೆ. ಆಳು ಇಳಿಸುವ ಕೇಜಿನ ಹಗ್ಗ ಬದಲಾದರೆ, ಅದು ಸರಿಯಿದೆ ಎಂದು ಒಪ್ಪಿದವನೇ ಮೊದಲು ಇಳಿಯಬೇಕು. ಮೂರು ವರ್ಷದ ಹಿಂದೆ ಒಪ್ಪಿದವನು ಜಯರಾಮಪ್ಪ. ಬದಲಿಗೆ ತಂದ ಹಗ್ಗವೂ ಹಳೆಯದೇ, ಎಳೆ ಸವೆದದ್ದನ್ನು ಕಂಡೂ, ಮೇಲಿನವರ ಅವಸರಕ್ಕೆ ಹೂಂ ಎಂದಿದ್ದ. ಇಳಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡು, "ಬೆನ್ನು ನೋವು ಕಣ್ಲಾ, ನೀನೇ ಓಗ್ಬಾ," ಎಂದು ವೆಂಕಟಸ್ವಾಮಿಯನ್ನು ಹತ್ತಿಸಿದ್ದ. ಹಗ್ಗ ಹರಿಯಿತು. ಪಾಪ, ಫೋರ್‌ಮನ್ನರ ಬೆನ್ನು ನೋವು ಅವರ ಜೀವ ಉಳಿಸಿತು ಎಂದು ಜನ ಮಾತಾಡಿಕೊಂಡರು. ಕುಪ್ಪುಸ್ವಾಮಿಯೂ ಹಾಗೆಯೇ ಅಂದಿದ್ದ.

ಜಯರಾಮಪ್ಪ ಊಟ ಮುಗಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಹೊಸ ಪಟ್ಟಿಗಳು ಕಾರಿನಡಿ ಕೂತಾಗಿತ್ತು. ಬೆಳಿಗ್ಗೆ ಅವುಗಳನ್ನು ಜಯರಾಮಪ್ಪನೇ ಸುತ್ತಿಗೆಯಿಂದ ತಟ್ಟಿ ನೋಡಿದ್ದ. ಗಂಟೆಯ ಹಾಗೆ ನಾದ ಬಂದಿತ್ತು. ಕುಪ್ಪುಸ್ವಾಮಿ ಹಳೆಯ ಪಟ್ಟಿಗಳಿಗೆ ದಪ್ಪಗೆ ಗ್ರೀಸು ಬಳಿದು, ಗೋಣಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿದ.

"ಗುಜರಿಗೆ ಯಾಕ್ಲಾ ಇಷ್ಟು ಉಪಚಾರ?"

"ಅಳೇದಾದ್ರೂ ಎಸೀಬಾರ್ದು ಸಾಮಿ. ಯಾವ್ದಾದ್ರೂ ಒತ್ತಿಗೆ ಬತ್ತದೆ."

ಗಣಿಯ ಕಟ್ಟಳೆ ಕಾರು ರಿಪೇರಿ ಶೆಡ್ಡುಗಳಿಗೂ ಬಂದಿತ್ತು: ಪಾನಾ ತಿರುಗಿಸಿ ಬೋಲ್ಟು ಬಿಗಿದವನು ಮೊದಲ ಸುತ್ತು ಹೋಗುವಾಗ ಪಕ್ಕದಲ್ಲಿ ಕೂರಬೇಕು. ಜಯರಾಮಪ್ಪ ಬಾಗಿಲು ತೆರೆದು ಹತ್ತು ಎಂದ. ಕುಪ್ಪುಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದು ಸೊಂಟಕ್ಕೆ ಕೈಯಿಟ್ಟ.

"ಬೆನ್ನು ನೋವು ಸಾಮಿ. ನೀವೇ ಓಗ್ಬನ್ನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನೇ. ಜಯರಾಮಪ್ಪ ಕಾರಿನ ಬಾಗಿಲು ಮುಚ್ಚಿದ. ಆ ಮಾತನ್ನು ಯಾವಾಗ, ಯಾಕೆ ಆಡುತ್ತಾರೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗರಗಸ ಕುಯ್ದದ್ದು ಬೋಲ್ಟನ್ನಲ್ಲ, ಹೊಸ ಪಟ್ಟಿಯನ್ನು ಎಂದುಕೊಂಡ. ಏನೂ ತೋರಗೊಡದೆ, ನಾಳೆ ನೋಡೋಣ ಎಂದು ಕಳಿಸಿಬಿಟ್ಟ.

ಓಟದಿಂದ ಹಿಂದೆ ಸರಿದರೆ ಮಂಡಿ ಯಜಮಾನ ನಗುತ್ತಾನೆ. ಓಡಿಸಿದರೆ ಸಾವು. ಬೆಳಕು ಹರಿಯುತ್ತಲೇ ಜಯರಾಮಪ್ಪ ತಾನೇ ಕಾರಿನಡಿ ತೂರಿದ. ಬೇರೆ ಯಾರ ಕೈಯನ್ನೂ ಅವನು ನಂಬಲು ತಯಾರಿರಲಿಲ್ಲ. ಹೊಸ ಪಟ್ಟಿಗಳನ್ನು ಬಿಚ್ಚಿ, ಹಾವು ಮುಟ್ಟಿದವನಂತೆ ಕಣ್ಣೆತ್ತಿಯೂ ನೋಡದೆ ಮೂಲೆಗೆಸೆದ. ಗೋಣಿ ಬಿಚ್ಚಿ ಹಳೆಯವನ್ನೇ, ಗ್ರೀಸು ಒರೆಸದೆ, ಹಾಕಿ ಬಿಗಿದ. ವರ್ಷಗಟ್ಟಲೆ ಹೊತ್ತು ತಿರುಗಿದ ಪಟ್ಟಿಗಳು. ಓಟ ಸೋತರೂ ಜೀವ ಉಳಿಯುತ್ತದೆ. ಮನಸ್ಸು ಹಗುರವಾಗಿ ಎರಡು ಲೋಟ ಕಾಫಿ ಕುಡಿದ.

ಗೆರೆಯ ಬಳಿ ಕುಪ್ಪುಸ್ವಾಮಿ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಜಯರಾಮಪ್ಪ ಅವನನ್ನು ನೋಡಿ ನಕ್ಕ. ಅವನೂ ನಕ್ಕ.

ಕರವಸ್ತ್ರ ಬಿತ್ತು. ಮಾರಿಸ್ ನುಗ್ಗಿತು. ಅರ್ಧ ದಾರಿಯಲ್ಲಿ ಹಿಂದಿನಿಂದ ಫಟ್ ಎಂದಿತು. ಆಕಾಶ ಕೆಳಗೆ ಬಂತು, ರಸ್ತೆ ಮೇಲೆ ಹೋಯಿತು.

ಜಯರಾಮಪ್ಪನಿಗೆ ಕಣ್ಣು ಬಿಟ್ಟಾಗ ತನ್ನ ಕಾಲುಗಳು ಕಾಣುತ್ತಿದ್ದವು. ಅವು ತನ್ನವೆಂದು ಅನಿಸುತ್ತಿರಲಿಲ್ಲ. ಜನ ದೂರದಿಂದ ಓಡಿ ಬರುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದವನು ಕುಪ್ಪುಸ್ವಾಮಿ. ತುಂಡಾದ ಪಟ್ಟಿಯನ್ನು ಎತ್ತಿಕೊಂಡು, ಟವೆಲಿನಿಂದ ಗ್ರೀಸು ಒರೆಸಿ, ಅವನ ಕಣ್ಣ ಮುಂದೆ ಹಿಡಿದ. ಮುರಿದ ಜಾಗದ ಅರ್ಧ ಒರಟಾಗಿತ್ತು. ಇನ್ನರ್ಧ ನುಣ್ಣಗೆ, ನೇರವಾಗಿ, ಗರಗಸ ಇಳಿದಷ್ಟು ಆಳಕ್ಕೆ ಹೊಳೆಯುತ್ತಿತ್ತು.

"ಒಸಾ ಪಟ್ಟೀಲಿ ಏನೂ ಐಬಿರ್ಲಿಲ್ಲ," ಎಂದ ಕುಪ್ಪುಸ್ವಾಮಿ. ಆಮೇಲೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ:

"ಬೆನ್ನು ನೋವಾ, ಸಾಮಿ?"