ರಶ್ಮಿತಾಳ ಸೋಮವಾರ

ಹರಿಹರದ ಎಸ್‌ಟಿಡಿ ಬೂತಿನ ಮರೆಯಲ್ಲಿ ಸ್ಕೂಟರ್ ನಿಲ್ಲಿಸಿ ಬಕ್ಕೇಶ್ ಕಾದ. ದಾವಣಗೆರೆಯ ಬಸ್ಸಿನಿಂದ ರಶ್ಮಿತಾ ಇಳಿದಳು. ದಾವಣಗೆರೆಯಲ್ಲೇ, ವಿದ್ಯಾನಗರದ ಗೆಳತಿಯ ಮನೆಗೆಂದು ಹೇಳಿ ಹೊರಟಿದ್ದ ಹೆಂಡತಿ! ಮೈಮೇಲೆ ದೀಪಾವಳಿಗೆ ಅವನೇ ಕೊಡಿಸಿದ ಹಸಿರು ಸೀರೆ. ಅವನೆದುರು ಒಮ್ಮೆಯೂ ಉಟ್ಟಿರಲಿಲ್ಲ.

ಪ್ರತಿ ಸೋಮವಾರ ಹೀಗೆಯೇ. ತಾನು ಬಟ್ಟೆ ಅಂಗಡಿಯಲ್ಲಿ, ಅಪ್ಪ ನಂದಿಗುಡಿ ಮಠಕ್ಕೆ. ಮನೆಯಲ್ಲಿ ಕೇಳುವವರು ಯಾರು? ಅವ್ವ ತೀರಿಕೊಂಡ ಮೇಲೆ ಅಪ್ಪ ಮಾತು ಬಿಟ್ಟಿದ್ದರು, ಊಟವೂ ಅಷ್ಟಕ್ಕಷ್ಟೆ. ಮಠಕ್ಕೆ ಹೋಗತೊಡಗಿದ ಮೇಲೆ ರೊಟ್ಟಿ ಕೇಳಿ ಉಣ್ಣುತ್ತಿದ್ದರು. ಆ ಸಮಾಧಾನದಲ್ಲಿ ಬಕ್ಕೇಶ್ ಹೆಂಡತಿಯ ಕಡೆ ಗಮನ ಕೊಟ್ಟಿರಲಿಲ್ಲ.

ಅವಳು ಬೋರ್ಡಿಲ್ಲದ ಮನೆಯೊಂದರ ಗೇಟು ತೆರೆದಳು. ಜಗುಲಿಯ ಬೆಂಚಿನ ಮೇಲೆ ನಾಲ್ಕೈದು ಜನ. ತರುಣನೊಬ್ಬ ಹೊರಬಂದ. ಬುರ್ಖಾ ತೊಟ್ಟ ಮುದುಕಿಗೆ ಉರ್ದುವಿನಲ್ಲಿ ಏನೋ ಹೇಳಿ ನಗಿಸಿದ. ಹಳ್ಳಿಯ ಹೆಂಗಸನ್ನು, "ಯವ್ವಾ, ನಿದ್ದಿ ಬಂತಾ?" ಎಂದು ವಿಚಾರಿಸಿದ. ರಶ್ಮಿತಾಳನ್ನು ಕಂಡು ಅವನ ಮುಖ ಅರಳಿತು.

"ಯಾರ್ರೀ ಇವ್ರು?" ಗೇಟಿನ ಬಳಿ ನಿಂತಿದ್ದ ಆಟೋದವನನ್ನು ಬಕ್ಕೇಶ್ ಕೇಳಿದ.

"ಹಾಲಸ್ವಾಮಿ ಡಾಕ್ಟ್ರು. ಅವ್ರ ಕೂಡ ಮಾತಾಡಿದ್ರೆ ಸಾಕ್ರಿ, ಎದೆ ಹಗುರಾಗ್ತೈತೆ."

ದಾವಣಗೆರೆಯಲ್ಲಿ ಡಾಕ್ಟರುಗಳಿಗೆ ಬರವೇ? ಇವನೇ ಬೇಕಾಯಿತೇ? ಯಾರಿಗೆ ಯಾವ ಮಾತು ಹಿತವೋ ಅದನ್ನೇ ಆಡುವ ಆ ನಾಲಿಗೆ ಕಂಡು ಬಕ್ಕೇಶನ ಹೊಟ್ಟೆ ಉರಿಯಿತು. ಅಂಗಡಿಯ ವಿಷಯ ಬಿಟ್ಟು ತಾನು ಅವಳೊಂದಿಗೆ ಮಾತಾಡಿದ್ದೇ ಇಲ್ಲವೆಂಬುದು ನೆನಪಾಗಿ ಇನ್ನಷ್ಟು ಉರಿಯಿತು.

ಮನೆಯ ಪಕ್ಕದ ಕಿಟಕಿಗೆ ಕಿವಿಗೊಟ್ಟ. ಒಳಗೆ ರಶ್ಮಿತಾಳ ಪಿಸುಮಾತು.

"ಅವ್ರಿಗೆ ಗೊತ್ತಾಗ್ದಂಗೆ ಇನ್ನೂ ಎಷ್ಟು ದಿನ ಹಿಂಗೆ, ಡಾಕ್ಟ್ರೇ? ನಂಗೆ ಭಯ ಆಗ್ತೈತೆ."

"ಗೊತ್ತಾದ್ರೆ ಎಲ್ಲಾ ಕೆಡ್ತೈತೆ. ಸ್ವಲ್ಪ ತಾಳ್ರಿ. ಬರ್ರಿ ಒಳಗೆ."

ಕೋಣೆಯ ಬಾಗಿಲು ಮುಚ್ಚಿದ ಸದ್ದು. ಬಕ್ಕೇಶ್ ಜಗುಲಿ ಹತ್ತಿ, ನಡುಮನೆ ದಾಟಿ, ಆ ಬಾಗಿಲನ್ನು ದೂಡಿದ.

"ಎಷ್ಟು ದಿನದಿಂದ ನಡೀತೈತೆ ಇದು?"

ಡಾಕ್ಟರ ಎದುರು ರಶ್ಮಿತಾ. ಅವಳ ಪಕ್ಕದ ಕುರ್ಚಿಯಲ್ಲಿ ಅಪ್ಪ, ಕೆಂಚವೀರಪ್ಪ.

"ಕೂಗಬ್ಯಾಡೋ," ಅಪ್ಪ ಎದ್ದು ಅವನ ಹೆಗಲು ಹಿಡಿದರು. "ಹುಡುಗಿ ಮನಸ್ಸು ಸರಿ ಇಲ್ಲ. ದಾವಣಗೆರ್ಯಾಗೆ ತೋರ್ಸಿದ್ರೆ ಜನ ಹುಚ್ಚಿ ಅಂತಾರೆ. ಮನೆ ಹಿರೇರು ಕೂತು ಧೈರ್ಯ ಹೇಳ್ಬೇಕಂತೆ. ನಿಮ್ಮವ್ವ ಹೋದಾಗ ನಂಗೆ ಹೆಂಗಾತು, ಹೆಂಗೆ ತಡ್ಕಂಡೆ, ಎಲ್ಲಾ ಈಕಿಗೆ ಹೇಳ್ತೀನಿ. ನೀನು ನೊಂದ್ಕಂತೀಯ ಅಂತ ಮಠದ ನೆವ ಹೇಳಿ ಬರ್ತಿದ್ದೆ."

ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಬಕ್ಕೇಶ್ ಕೇಳಿ ವರ್ಷವೇ ಆಗಿತ್ತು. ಅವನು ತಲೆ ತಗ್ಗಿಸಿದ. ಇಂಥವಳ ಮೇಲೆ ಎಂಥ ಮಾತು ಹೊರಿಸಲು ಬಂದಿದ್ದೆ! ರಶ್ಮಿತಾ ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿಕೊಂಡಳು.

ಡಾಕ್ಟರು ಅವನನ್ನು ಹೊರಗೆ ಕರೆತಂದು ಬಾಗಿಲು ಮುಚ್ಚಿದರು.

"ವಾಸಿ ಆಗ್ತಾಳಾ ಸಾರ್?" ಬಕ್ಕೇಶ್ ಕೇಳಿದ.

"ನಿಮ್ಮ ಮನೆಯವ್ರಿಗೆ ಏನೂ ಆಗಿಲ್ರಿ," ಹಾಲಸ್ವಾಮಿ ದನಿ ತಗ್ಗಿಸಿದರು. "ಸಾಯೋಕೆ ಹೊರಟಿದ್ದೋರು ನಿಮ್ಮ ಅಪ್ಪಾರು. 'ನೀವೇ ಪೇಷೆಂಟ್' ಅಂತ ಅವ್ರಿಗೆ ಹೇಳಿದ್ರೆ ಇಲ್ಲಿಗೆ ಬರ್ತಿದ್ರಾ?"