ರಾಯರ ಪೈಪಿನ ಹಲ್ಲುಗುರುತು

ಗಂಡನ ಪೈಪನ್ನು ಸೆರಗಿನಲ್ಲಿ ಸುತ್ತಿಕೊಂಡು ಅಜ್ಜಿ ಗೊಂಬೆ ಕಡೆಯುವ ನಂಜಾಚಾರಿಯ ಬಳಿಗೆ ಬಂದರು. ಬಾಯಿಗಿಡುವ ಮರದ ಕೊಳವೆ ಕಚ್ಚಿ ಕಚ್ಚಿ ಸೀಳಿಹೋಗಿತ್ತು.

"ಹೋದ ತಿಥಿಗೆ ಕಾಗೆ ಪಿಂಡ ಮುಟ್ಟಲೇ ಇಲ್ಲ ಆಚಾರಿ. ಪೈಪ್ ಇಡಲಿಲ್ಲ ಅಂತ ಅವರಿಗೆ ಮುನಿಸು. ನನಗೋ, ಆ ಹೊಗೆ ಅಂದರೇ ವಾಕರಿಕೆ."

ಕಾಗೆಗೆ ಪೈಪ್ ಸೇದಿಸುವ ಶ್ರಾದ್ಧವನ್ನು ಆಚಾರಿ ಕೇಳಿದ್ದು ಇದೇ ಮೊದಲು. ನಗು ನುಂಗಿಕೊಂಡು ಹೊಸ ಕೊಳವೆ ಕಡೆದು ಕೂರಿಸಿದ.

"ಹಳೇದೂ ಇರಲಿ ಅಮ್ಮಾವ್ರೇ, ರಾಯರ ಹಲ್ಲಿನ ಗುರುತಿದೆ. ಅಬ್ಬಾ, ಮರವನ್ನೇ ಅಗಿದಿದ್ದಾರೆ! ಎಂಥ ಹಲ್ಲು!"

ಅಜ್ಜಿ ಹೊಸ ತುದಿಯನ್ನು ಕಚ್ಚಿ, ಒಮ್ಮೆ ಎಳೆದು ನೋಡಿದರು.

"ಅವರಿಗೆಲ್ಲಿತ್ತಪ್ಪ ಹಲ್ಲು? ಕೊನೆಯ ಇಪ್ಪತ್ತು ವರ್ಷ ಗಂಜಿಯಲ್ಲೇ ಕಳೆದರು."