ತಾಯಿ ಮೊದಲು ಬಿತ್ತು

"ಬೂಟನ್ನ ಬೆಂಕಿಗೆ ಹಿಡೀಬೇಡ, ಚರ್ಮ ಸೀಳುತ್ತೆ!" ಯೊರ್ಮಾ ಸಾತುವಿನ ಕೈಯಿಂದ ಹೊಸ ಬೂಟು ಕಿತ್ತುಕೊಂಡು ಒಳಗೆ ಹಳೆಯ ಪತ್ರಿಕೆ ತುರುಕಿದ. "ಅದರ ಮೇಲೆ ಹತ್ತಿ ಕಾಲ್ಚೀಲ ಬೇರೆ. ಜವುಗಿನಲ್ಲಿ ಕೂತು ನೋಡು, ಸಂಜೆಗೆ ಬೆರಳು ಎಣಿಸ್ಕೋಬೇಕಾಗುತ್ತೆ."

"ಒಂದು ಹನಿ ನೀರೂ ಒಳಗೆ ಹೋಗಲ್ಲ ಅಂದಿದ್ದ ಅಂಗಡಿಯವನು."

"ಹೋದದ್ದು ಹೊರಗೆ ಬರಲ್ಲ ಅಂತ ಹೇಳಲಿಲ್ವಾ?"

ಬೆಂಕಿಯ ಸುತ್ತ ಕೂತವರೆಲ್ಲ ನಕ್ಕರು. ಪೂರ್ವ ಫಿನ್‌ಲೆಂಡಿನ ಆ ಬೇಟೆ ಗುಂಪಿನಲ್ಲಿ ಏಳು ಜನ. ಶಾಲೆಯಲ್ಲಿ ಅಡುಗೆ ಮಾಡುವ ಸಾತುವಿಗೆ ಅದು ಮೂಸ್ ಎಂಬ ದೈತ್ಯ ಕಡವೆಯ ಮೊದಲ ಬೇಟೆ. ಎಪ್ಪತ್ತೆರಡರ ತೌನೊ ಮೂವತ್ತೊಂದು ವರ್ಷದಿಂದ ಗುಂಪಿನ ಮುಖಂಡ. ಅವನು ತನ್ನ ಚೀಲದಿಂದ ಉಣ್ಣೆಯ ಕಾಲ್ಚೀಲ ತೆಗೆದು ಅವಳ ಮಡಿಲಿಗೆ ಎಸೆದ.

"ಒಂದೇ ಮಾತು ನೆನಪಿಟ್ಕೋ ಕಣಮ್ಮ. ಹೆಣ್ಣು ಮೂಸ್ ಕಂಡ ಕೂಡಲೇ ಟ್ರಿಗರ್ ಮುಟ್ಟಬೇಡ. ಹಿಂದೆ ಮರಿ ಇದೆಯಾ ನೋಡು. ಇದ್ರೆ ಮೊದಲು ಮರೀಗೆ ಹೊಡೀಬೇಕು. ತಾಯಿ ಹೋದ್ರೆ ಮರಿ ಹಿಮದಲ್ಲಿ ಒಂಟಿಯಾಗಿ ಅಲೆದು ಅಲೆದು ಸಾಯುತ್ತೆ. ನಮ್ಮ ಗುಂಪಿನಲ್ಲಿ ಇದುವರೆಗೆ ಯಾರೂ ಆ ಪಾಪ ಮಾಡಿಲ್ಲ."

ಮಧ್ಯಾಹ್ನ ಎರಡರ ಹೊತ್ತಿಗೆ, ಸಣ್ಣ ತುಂತುರಿನಲ್ಲಿ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಸಾತುವಿನ ಎದುರು ಮರ ಕಡಿದು ಬಯಲಾದ ಜಾಗ. ಬಲಕ್ಕೆ, ಬಂಡೆಯ ಪಕ್ಕ, ತೌನೊನ ಕಿತ್ತಳೆ ಬಣ್ಣದ ಟೋಪಿ. ದೂರದಲ್ಲಿ ನಾಯಿ ಬೊಗಳಿತು. ಹೆಣ್ಣು ಮೂಸೊಂದು ಬಯಲಿಗೆ ಬಂದು ನಿಂತಿತು. ಸಾತು ಉಸಿರು ಬಿಗಿಹಿಡಿದಳು. ತೌನೊನ ಕೋವಿ ಸಿಡಿಯಿತು. ಮೂಸ್ ನಾಲ್ಕು ಹೆಜ್ಜೆ ನಡೆದು ಕುಸಿಯಿತು.

ಆಮೇಲೆ ಎಳೆಯ ಪೈನ್ ಗಿಡಗಳ ನಡುವಿನಿಂದ ಮರಿ ಬಂತು.

ಅದು ತಾಯಿಯ ಕುತ್ತಿಗೆ ಮೂಸಿತು. ಮುಂಗಾಲಿನಿಂದ ಮೆಲ್ಲಗೆ ತಟ್ಟಿತು. ತೌನೊನಿಂದ ಅದು ಅರವತ್ತು ಹೆಜ್ಜೆ ದೂರವೂ ಇರಲಿಲ್ಲ. ಅವನು ಹೊಡೆಯುತ್ತಾನೆಂದು ಸಾತು ಕಾದಳು. ಅವನು ಹೊಡೆಯಲಿಲ್ಲ. ಕೋವಿ ಕೆಳಗಿಳಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಸೊಂಟದ ಕೈ-ರೇಡಿಯೋದಲ್ಲಿ ಹೇಳಿದರೆ ಗುಂಪಿನ ಎಲ್ಲರಿಗೂ ಕೇಳುತ್ತದೆ. ಅವನಿಗೆ ಮಾತ್ರ ಫೋನ್ ಮಾಡಿದಳು.

"ತೌನೊ, ಮರಿ ಇದೆ. ತಾಯಿ ಪಕ್ಕದಲ್ಲೇ ನಿಂತಿದೆ," ಎಂದು ಪಿಸುಗುಟ್ಟಿದಳು.

"ನನಗೆ ಮರದ ಬುಡಗಳಷ್ಟೇ ಕಾಣ್ತಿವೆ," ಎಂದ ಅವನು. "ನಿನಗೆ ಚೆನ್ನಾಗಿ ಕಾಣ್ತಿದೆಯಾ?"

"ಕಾಣ್ತಿದೆ. ಆದ್ರೆ ನಾನು ಇದುವರೆಗೆ..."

"ಗೊತ್ತು. ನಿನ್ನ ಗುಂಡಿಗೆ ಅಡ್ಡ ಬರದ ಹಾಗೆ ನಾನು ಬಂಡೆ ಹಿಂದೆ ಹೋಗ್ತೀನಿ. ಕೋವೀನ ಮರಕ್ಕೆ ಒರಗಿಸ್ಕೋ. ಮುಂಗಾಲಿನ ಹಿಂದೆ ನೋಡು. ಉಸಿರು ಬಿಟ್ಟು ಮೆಲ್ಲಗೆ ಒತ್ತು. ಅದನ್ನ ಹಾಗೇ ಬಿಡಬೇಡ, ಮಗಳೇ."

ಅವಳು ಒತ್ತಿದಳು. ಮರಿ ತಾಯಿಯ ಮೇಲೇ ಬಿತ್ತು.

ಸಾತು ಬಯಲು ದಾಟಿ ಬಂದಾಗ ತೌನೊ ಮರಿಯ ಹತ್ತಿರ ಮಂಡಿಯೂರಿ ಅದರ ಕಿವಿ ಸವರುತ್ತಿದ್ದ. ಅವಳು ಮುಂಗೈಯಿಂದ ಮುಖ ಒರೆಸಿಕೊಂಡಳು.

"ಉಳಿದವರಿಗೆ ಎರಡು ಗುಂಡು ಕೇಳಿರುತ್ತೆ, ಅಷ್ಟೇ," ಎಂದಳು. "ಯಾರದು ಮೊದಲು ಅಂತ ಯಾರಿಗೂ ಗೊತ್ತಿಲ್ಲ. ನಾನೇ ಮೊದಲು ಮರಿ ಹೊಡೆದೆ ಅಂತೀನಿ."

"ಆಮೇಲೆ?"

"ಆಮೇಲೇನು, ಮುಗೀತು."

"ನಾಳೆ ಮತ್ತೆ ಕೋವಿ ಹಿಡಿದು ಕೂತ್ಕೊಳ್ಳೋನು ನಾನೇ ಅಲ್ವಾ?" ತೌನೊ ತಲೆಯೆತ್ತಿದ. "ಆ ಮರಿ ಜಾಗದಲ್ಲಿ ನೀನು ನಿಂತಿದ್ದರೂ ನನಗೆ ಕಾಣ್ತಿರಲಿಲ್ಲ, ಸಾತು."

ರೇಡಿಯೋದಲ್ಲಿ ಯೊರ್ಮಾ ಕೂಗುತ್ತಿದ್ದ: "ಏನಾಯ್ತು ಅಲ್ಲಿ? ಯಾರಾದ್ರೂ ಬಾಯಿ ಬಿಡ್ರಪ್ಪಾ!"

ತೌನೊ ರೇಡಿಯೋ ಎತ್ತಿಕೊಂಡ. "ತಾಯಿ ಮೊದಲು ಬಿತ್ತು. ಹೊಡೆದವನು ನಾನು. ಮರೀನ ಸಾತು ಹೊಡೆದಳು, ನೆಟ್ಟಗೆ, ಒಂದೇ ಗುಂಡಿಗೆ."

ರೇಡಿಯೋ ಕರಕರ ಎಂದಿತು. ಯೊರ್ಮಾ ಮೆತ್ತಗೆ ಹೇಳಿದ: "ಕೋವಿ ಮೇಲಿನ ದುರ್ಬೀನಿಗೆ ಮಂಜು ಹಿಡಿದಿರುತ್ತೆ ಮಾರಾಯ. ಈ ತುಂತುರಲ್ಲಿ ಯಾರದಾದ್ರೂ ಹಿಡಿಯುತ್ತೆ. ನನ್ನ ಹತ್ರ ಇನ್ನೊಂದು ಒಳ್ಳೇದಿದೆ, ನಾಳೆ ಕೂರಿಸಿಕೊಡ್ತೀನಿ."

"ಗಾಜು ಸರಿಯಾಗೇ ಇದೆ ಕಣೋ. ಕಣ್ಣು ಹೋಗಿದೆ. ಡಾಕ್ಟರು ಮೇ ತಿಂಗಳಲ್ಲೇ ಹೇಳಿದ್ರು. ನಾನೇ ನಿಮಗ್ಯಾರಿಗೂ ಹೇಳಲಿಲ್ಲ."

ಕೋವಿಯಲ್ಲಿ ಉಳಿದಿದ್ದ ಗುಂಡುಗಳನ್ನು ಅವನು ಒಂದೊಂದಾಗಿ ಹೊರತೆಗೆದು ಸಾತುವಿನ ಅಂಗೈಯಲ್ಲಿಟ್ಟ.

ಮುಂದಿನ ಶನಿವಾರ ಮಾಂಸದ ಹಂಚಿಕೆ. ಉದ್ದನೆಯ ಹಲಗೆಯ ಮೇಲೆ ಏಳು ಪಾಲು ಇಟ್ಟಿದ್ದರು. ಒಬ್ಬರು ಒಂದೊಂದೇ ಪಾಲು ಮುಟ್ಟಿ ಕೇಳಬೇಕು, ಬೆನ್ನು ತಿರುಗಿಸಿ ನಿಂತ ಮುಖಂಡ ನೋಡದೆ ಹೆಸರು ಹೇಳಬೇಕು. ಭೇದಭಾವದ ಮಾತೇ ಬರಬಾರದೆಂದು ಮೊದಲಿನಿಂದ ಬಂದ ಕ್ರಮ. ಆ ದಿನವೂ ತೌನೊನೇ ಗೋಡೆಗೆ ಮುಖ ಮಾಡಿ ನಿಂತ.

"ಇದು ಯಾರಿಗೆ?" ಸಾತು ಮುಟ್ಟುತ್ತಾ ಹೋದಳು.

"ಯೊರ್ಮಾಗೆ." "ನಿನಗೆ." ಹೀಗೆ ಆರು ಹೆಸರು ಬಂದವು.

"ಇದು?"

"ಮುಗೀತಲ್ಲ," ಎಂದ ತೌನೊ.

"ಇನ್ನೊಂದಿದೆ."

"ಅದು ನಾಯಿಗೆ."

ಯಾರೂ ನಗಲಿಲ್ಲ. ಸಾತು ಆ ಪಾಲಿನ ಮೇಲಿಂದ ಕೈ ತೆಗೆಯಲಿಲ್ಲ. "ತೌನೊಗೆ," ಎಂದಳು.

"ತೌನೊಗೆ," ಎಂದ ಯೊರ್ಮಾ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಅದೇ ಹೆಸರು ಹೇಳಿದರು.

ಎಲ್ಲರೂ ಹೇಳಿ ಮುಗಿದ ಮೇಲೂ ತೌನೊ ಗೋಡೆಯ ಕಡೆಗೇ ನೋಡುತ್ತ ನಿಂತಿದ್ದ.